ಪಾಪಿ ಪಾಪಿ ಅಂತ ಹಾಡಿದ ಶೂಬಿ

ನಮ್ಮ ದೊಡ್ಡಪ್ಪನಿಗೆ ಯಾವ ಹಾಡೂ ಪೂರ್ತಿ ಬರುತ್ತಿರಲಿಲ್ಲ. ಹಾಗಂತ ಅವರು ಯಾವ ಹಾಡನ್ನೂ ಅರ್ಧಕ್ಕೆ ನಿಲ್ಲಿಸಿದವರಲ್ಲ.

ಶನಿವಾರ ಸಂಜೆ ನಮ್ಮೂರಿನ ಆಂಜನೇಯನ ಗುಡಿಯಲ್ಲಿ ಭಜನೆ ಇರುತ್ತಿತ್ತು. ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ, ಹತ್ತು ಹನ್ನೆರಡು ಜನ. ಒಬ್ಬೊಬ್ಬರಾಗಿ ಒಂದೊಂದು ದಾಸರ ಪದ ಹೇಳಬೇಕು. ದೊಡ್ಡಪ್ಪನ ಸರದಿ ಹತ್ತಿರ ಬಂತು ಅಂದರೆ ಮಕ್ಕಳೆಲ್ಲ ಕಂಬದ ಹಿಂದೆ ಸೇರಿಕೊಳ್ಳುತ್ತಿದ್ದೆವು. ಪಲ್ಲವಿ ಸರಿಯಾಗೇ ಹೇಳುತ್ತಿದ್ದರು. ಮೊದಲ ಚರಣ ಹೇಗೋ ದಾಟುತ್ತಿತ್ತು. ಎರಡನೆಯದರಲ್ಲಿ ಪದ ಕೈಕೊಡುತ್ತಿತ್ತು. ಬೇರೆಯವರಾದರೆ ಪುಸ್ತಕ ನೋಡುತ್ತಿದ್ದರು, ಇಲ್ಲವೇ ಪಕ್ಕದವರ ಮುಖ ನೋಡುತ್ತಿದ್ದರು. ದೊಡ್ಡಪ್ಪ ಎರಡೂ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ, "ತರಿನನ ನೋಂ ನೋಂ ಝಣಕು ತಾ ಲಲ್ಲಲಾ" ಅಂತ ಶುರು ಮಾಡುತ್ತಿದ್ದರು. ಮೂರನೆಯ ಚರಣವೂ ಹಾಗೇ. ಕೊನೆಗೆ ಅಂಕಿತದ ಸಾಲು ಬಂದ ಕೂಡಲೇ, ಏನೂ ಆಗಿಲ್ಲ ಅನ್ನುವ ಹಾಗೆ, ಮತ್ತೆ ಕನ್ನಡಕ್ಕೆ ಇಳಿಯುತ್ತಿದ್ದರು. ಅಂಕಿತ ಮಾತ್ರ ಒಂದು ದಿನವೂ ಮರೆತವರಲ್ಲ.

ನಗು ತಡೆಯಲು ನಾವು ಒಬ್ಬರ ತೊಡೆ ಒಬ್ಬರು ಚಿವುಟಿಕೊಳ್ಳುತ್ತಿದ್ದೆವು. ಅಜ್ಜಿ ಅಲ್ಲಿಂದಲೇ ಕಣ್ಣು ಬಿಡುತ್ತಿದ್ದಳು. ಆದರೆ ಅಜ್ಜಿಯ ಹೊಟ್ಟೆಯೂ ಅಲುಗಾಡುತ್ತಿದ್ದದ್ದು ನಮಗೆ ಕಾಣುತ್ತಿತ್ತು.

ಈ ತೊಡೆ ಚಿವುಟಿಕೊಳ್ಳುವ ನಗು ಮತ್ತೆ ಬಂದದ್ದು ಎಷ್ಟೋ ವರ್ಷಗಳ ನಂತರ, ಒಂದು ರಾತ್ರಿ, ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ಕೂತಿದ್ದಾಗ. ಜಾಝ್ ಕೇಳುತ್ತಾ ಕೇಳುತ್ತಾ ಎಲ್ಲಿಂದೆಲ್ಲಿಗೋ ಹೋಗಿದ್ದೆ. ಒಂದು ಹಳೆಯ ಆರ್ಗನ್ ಶುರುವಾಯಿತು. ಸರ್ಕಸ್ ಡೇರೆಯಲ್ಲೋ ಐಸ್ ಸ್ಕೇಟಿಂಗ್ ಅಂಗಳದಲ್ಲೋ ಬಾರಿಸುತ್ತಾರಲ್ಲ, ಆ ಥರದ್ದು. ಮೇಲೆ ಒಂದು ಗಂಡಸಿನ ದಪ್ಪ ದನಿ. "ರಾ ಶಾ... ಸ್ಪ್ಲಾ... ಪಾಪಿ ಪಾಪಿ..." ಅಂತ ಹೊರಟೇಬಿಟ್ಟಿತು. ಕನ್ನಡದ ಕಿವಿಗೆ 'ಪಾಪಿ ಪಾಪಿ' ಹೇಗೆ ಕೇಳಿಸುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಷ್ಟು ಸಂತೋಷದಿಂದ ಯಾರನ್ನೋ ಬೈಯುತ್ತಿದ್ದಾನೆ ಅನ್ನಿಸಿತು. ದನಿ ಒಮ್ಮೆ ಪಾತಾಳಕ್ಕೆ ಹೋಗುತ್ತದೆ, ಇದ್ದಕ್ಕಿದ್ದಂತೆ ಕೀರಲಾಗುತ್ತದೆ, ಮತ್ತೆ ಗುಡುಗುತ್ತದೆ. ಎಲ್ಲೂ ಹಿಂಜರಿಕೆ ಇಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದವರಿಗೆ ಎಚ್ಚರ ಆಗಬಾರದು ಅಂತ ನಾನು ದಿಂಬು ಕಚ್ಚಿಕೊಂಡು ನಕ್ಕೆ.

ಹಾಡಿದವನ ಹೆಸರು ವಿಲಿಯಂ ಟೇಲರ್. ಅವನೇ ಇಟ್ಟುಕೊಂಡದ್ದು ಶೂಬಿ ಟೇಲರ್, 'ದ ಹ್ಯೂಮನ್ ಹಾರ್ನ್'. ಅಂದರೆ ಮನುಷ್ಯ ರೂಪದ ಕಹಳೆ ಅಂತಿಟ್ಟುಕೊಳ್ಳಿ. 1929ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದವನು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬದುಕಿದ ಕಪ್ಪು ಮನುಷ್ಯ. ಹೊಟ್ಟೆಪಾಡಿಗೆ ಅಂಚೆ ಇಲಾಖೆಯ ಕೆಲಸ. (ವಯಸ್ಸಿನಲ್ಲಿ ಹಿರಿಯನಾದರೂ 'ಅವನು' ಅಂತಲೇ ಬರೆಯುತ್ತೇನೆ. ಬಹುವಚನ ಹಾಕಿದರೆ ಮನುಷ್ಯ ಯಾಕೋ ದೂರ ಹೋಗಿಬಿಡುತ್ತಾನೆ.)

ಅವನು ಹಾಡುತ್ತಿದ್ದದ್ದಕ್ಕೆ ಸ್ಕ್ಯಾಟ್ ಅಂತ ಹೆಸರು. ಅರ್ಥವಿಲ್ಲದ ಉಲಿಗಳನ್ನು ಹಿಡಿದು, ದನಿಯನ್ನೇ ವಾದ್ಯದ ಹಾಗೆ ಬಳಸಿ, ಅಲ್ಲೇ ಹುಟ್ಟಿಸಿಕೊಂಡು ಹಾಡುವುದು. ಜಾಝ್‌ನವರಿಗೆ ಇದು ಹೊಸದೇನಲ್ಲ. ಇದರ ಬಗ್ಗೆ ಒಂದು ಚಂದದ ಕತೆಯೂ ಇದೆ. 1926ರ ಫೆಬ್ರವರಿ. ಶಿಕಾಗೊದಲ್ಲಿ ಜಾಝ್‌ನ ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಹಾಟ್ ಫೈವ್ ತಂಡದ ಜೊತೆ 'ಹೀಬಿ ಜೀಬೀಸ್' ಅನ್ನುವ ಹಾಡನ್ನು ರೆಕಾರ್ಡ್ ಮಾಡುತ್ತಿದ್ದ. ಹಾಡುತ್ತಾ ಇರುವಾಗ ಪದ ಬರೆದಿದ್ದ ಕಾಗದ ಕೈಜಾರಿ ಬಿತ್ತಂತೆ. ನಿಲ್ಲಿಸುವ ಹಾಗಿಲ್ಲ, ಮೇಣದ ತಟ್ಟೆ ಹಾಳಾಗುತ್ತದೆ. ಬಾಯಿಗೆ ಬಂದ ಸದ್ದು ಹಾಡಿದನಂತೆ. ಹಾಗೆ ಸ್ಕ್ಯಾಟ್ ಹುಟ್ಟಿತಂತೆ.

ಆ ಮೂರು 'ಅಂತೆ'ಗಳನ್ನು ಬೇಕಂತಲೇ ಹಾಕಿದ್ದೇನೆ. ಆರ್ಮ್‌ಸ್ಟ್ರಾಂಗ್‌ಗಿಂತ ಮೊದಲೇ ಸ್ಕ್ಯಾಟ್ ಇತ್ತು. 1911ರಲ್ಲೇ ಜೀನ್ ಗ್ರೀನ್ ಅನ್ನುವವನು ಇಂಥದ್ದನ್ನು ರೆಕಾರ್ಡಿಗೆ ಹಾಡಿದ್ದಾನೆ. ಹಳೆಯ ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ 1938ರಲ್ಲಿ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ ಎದುರು ಕೂತು, ಇದೆಲ್ಲ ಹಳೆಯದು, ನಾವು ಯಾವತ್ತೋ ಮಾಡಿದ್ದೆವು ಅಂತ ವಾದ ಮಾಡಿದ. ಮಾರ್ಟನ್ ಜಾಝ್ ಅನ್ನೇ ತಾನು ಕಂಡುಹಿಡಿದೆ ಅಂತಿದ್ದವನು, ಅದು ಬೇರೆ ಮಾತು. ಆದರೂ ಜನ ಬಿದ್ದ ಕಾಗದದ ಕತೆಯನ್ನೇ ನೆಚ್ಚಿಕೊಂಡಿದ್ದಾರೆ. ನನಗೆ ಯಾಕೆ ಅಂತ ಗೊತ್ತು. ಪದ ಮರೆತವನು ನಿಲ್ಲಲಿಲ್ಲ ಅನ್ನುವುದು ನಮಗೆ ಇಷ್ಟ.

ಮರೆವಿನ ಇನ್ನೊಂದು ಪ್ರಸಂಗ ಇದೆ. ಅದು ಕಟ್ಟುಕತೆ ಅಲ್ಲ, ರೆಕಾರ್ಡಿನಲ್ಲೇ ಇದೆ. 1960ರ ಫೆಬ್ರವರಿಯಲ್ಲಿ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್ ಬರ್ಲಿನ್‌ನಲ್ಲಿ ಹಾಡುತ್ತಿದ್ದಳು. 'ಮ್ಯಾಕ್ ದ ನೈಫ್' ಹಾಡಿನ ಮಧ್ಯೆ ಸಾಲುಗಳು ಮರೆತುಹೋದವು. ಆಕೆ ಆ ಮರೆತದ್ದನ್ನೇ ಹಾಡಿದಳು. ಮುಂದಿನ ಸಾಲು ಏನೋ ಗೊತ್ತಿಲ್ಲ ಅನ್ನುವುದನ್ನೂ ರಾಗಕ್ಕೆ ಕೂರಿಸಿದಳು, ಜೊತೆಗೆ ಆರ್ಮ್‌ಸ್ಟ್ರಾಂಗ್‌ನ ಗೊಗ್ಗರು ದನಿಯ ಅಣಕು ಬೇರೆ. ಅದಕ್ಕೆ ಗ್ರ್ಯಾಮಿ ಬಂತು.

ನೋಡಿ, ಎಲಾ ಮರೆತರೆ ಗ್ರ್ಯಾಮಿ. ನಮ್ಮ ದೊಡ್ಡಪ್ಪ ಮರೆತರೆ ಕಂಬದ ಹಿಂದೆ ನಗು. ಇದರಲ್ಲಿ ಅನ್ಯಾಯ ಏನೂ ಇಲ್ಲ ಅಂತ ನನಗೆ ಗೊತ್ತು. ಎಲಾಗೆ ಸ್ವರದ ಒಂದೊಂದು ಮೆಟ್ಟಿಲೂ ಕತ್ತಲಲ್ಲೂ ಗೊತ್ತಿತ್ತು. ಹಿಂದೆ ಬಾರಿಸುವವರು ಸ್ವರಗಳ ಗುಂಪನ್ನು ಬದಲಿಸಿದಾಗ ಆಕೆಯ ದನಿ ಅವರಿಗಿಂತ ಅರ್ಧ ಗಳಿಗೆ ಮುಂಚೆಯೇ ಅಲ್ಲಿಗೆ ಹೋಗಿ ಕೂತಿರುತ್ತಿತ್ತು. ದೊಡ್ಡಪ್ಪನ ಶ್ರುತಿ ಶ್ರುತಿ ಪೆಟ್ಟಿಗೆಯಿಂದ ಎರಡು ಮನೆ ಆಚೆ ಇರುತ್ತಿತ್ತು.

ಶೂಬಿ ಎಲ್ಲಿ ನಿಲ್ಲುತ್ತಾನೆ? ಇದನ್ನು ತಿಳಿಯಬೇಕಾದರೆ ಅವನನ್ನು ಒಂದು ಸಲಕ್ಕಿಂತ ಜಾಸ್ತಿ ಕೇಳಬೇಕು. ನಗು ಮುಗಿಯುವವರೆಗೂ ಕೇಳಬೇಕು. ನನಗೆ ನಾಲ್ಕೈದು ಸಲ ಬೇಕಾಯಿತು. ನಗು ಇಳಿದ ಮೇಲೆ ಮೊದಲು ಗಮನಕ್ಕೆ ಬಂದದ್ದು, ಅವನಿಗೆ ತಾಳ ಇದೆ. ಚೆನ್ನಾಗೇ ಇದೆ. ಎರಡನೆಯದು, ಅವನು ಬಾಯಿಗೆ ಬಂದದ್ದು ಒದರುತ್ತಿಲ್ಲ. 'ಶಾ' ಬರುವ ಜಾಗ ಬೇರೆ, 'ಪಾಪಿ' ಬರುವ ಜಾಗ ಬೇರೆ. 'ಸ್ಪ್ಲಾ' ಅನ್ನುವುದು ಹೆಚ್ಚು ಕಡಿಮೆ ಪೂರ್ಣವಿರಾಮ. ಹಾಡು ಬದಲಾದರೂ ಈ ಉಲಿಗಳು ಬದಲಾಗುವುದಿಲ್ಲ. ಒಬ್ಬನೇ ಮಾತಾಡುವ ಒಂದು ಭಾಷೆ ಇದ್ದ ಹಾಗೆ. ಉಳಿದ ಸ್ಕ್ಯಾಟ್ ಗಾಯಕರು ಟ್ರಂಪೆಟ್ ಅನ್ನೋ ಟ್ರೊಂಬೋನ್ ಅನ್ನೋ ಅನುಕರಿಸುತ್ತಾರೆ. ಆ ವಾದ್ಯಗಳು ಅಂಗಡಿಯಲ್ಲಿ ಸಿಗುತ್ತವೆ. ಶೂಬಿ ಅನುಕರಿಸುತ್ತಿದ್ದ ಹಾರ್ನ್ ಯಾವ ಅಂಗಡಿಯಲ್ಲೂ ಇಲ್ಲ.

ಅವನ ಇನ್ನೊಂದು ವಿಚಿತ್ರ, ಅವನು ಯಾವುದರ ಮೇಲೆ ಹಾಡುತ್ತಾನೆ ಅನ್ನುವುದು. ಅವನಿಗೆ ಬ್ಯಾಂಡ್ ಇರಲಿಲ್ಲ. ಬೇರೆಯವರ ರೆಕಾರ್ಡ್ ಹಾಕಿಕೊಂಡು ಅದರ ಮೇಲೆ ತನ್ನ ದನಿ ಸೇರಿಸುತ್ತಿದ್ದ. ನಾನು ಮೊದಲು ಕೇಳಿದ ಆರ್ಗನ್ ಹಾಡು 'ಸ್ಟೌಟ್ ಹಾರ್ಟೆಡ್ ಮೆನ್'. 1928ರ ಒಂದು ಸಂಗೀತ ನಾಟಕದ ವೀರಾವೇಶದ ಹಾಡು ಅದು. ಅದಕ್ಕಾದರೂ ಆರ್ಗನ್ ಮಾತ್ರ ಇದೆ. ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್‌ನ 'ಫಾಲ್ಸಮ್ ಪ್ರಿಸನ್ ಬ್ಲೂಸ್' ಮೇಲೆ ಇವನು ಮಾಡಿರುವುದು ಕೇಳಬೇಕು. ಕ್ಯಾರಿಯೋಕೆಯಲ್ಲಿ ಮೂಲ ಗಾಯಕನ ದನಿ ತೆಗೆದಿರುತ್ತಾರೆ ಅಲ್ವಾ? ಇಲ್ಲಿ ಹಾಗಿಲ್ಲ. ಜಾನಿ ಕ್ಯಾಶ್ ತನ್ನ ಪಾಡಿಗೆ ಜೈಲಿನ ಗೋಳು ಹಾಡುತ್ತಿದ್ದಾನೆ. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಶೂಬಿ 'ರಾ ಶಾ' ಅನ್ನುತ್ತಿದ್ದಾನೆ. ಮದುವೆ ಮನೆಯಲ್ಲಿ ನಾದಸ್ವರದವರ ಪಕ್ಕ ಹೋಗಿ ಕೂತು ಜೊತೆಗೆ ಹಾಡಲು ಶುರು ಮಾಡುವ ಮಾವಂದಿರು ಇರುತ್ತಾರಲ್ಲ, ಅವರ ನೆನಪಾಯಿತು. ಆದರೆ ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿ ಕ್ಯಾಶ್‌ನನ್ನು ಬಿಟ್ಟು ಶೂಬಿಯ ಹಿಂದೆ ಹೋಗಿತ್ತು. ಇದು ಹೇಗಾಯಿತು ಅಂತ ಇವತ್ತಿಗೂ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಅರ್ಥವಿಲ್ಲದ ಸದ್ದು ನಮಗೇನು ಹೊಸದಲ್ಲ. ತಿಲ್ಲಾನ ಇದೆ, ಹಿಂದೂಸ್ತಾನಿಯಲ್ಲಿ ತರಾನ ಇದೆ. ಬೀಸುವಾಗ ಕುಟ್ಟುವಾಗ ಹಾಡಿದ 'ಸುವ್ವಿ' ಇದೆ, 'ತಂದಾನ ತಾನ' ಇದೆ. ಯಕ್ಷಗಾನದ ಭಾಗವತರ ಬಾಯಿತಾಳ ಇದೆ. ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕೊನ್ನಕೋಲಂತೂ ಇದ್ದೇ ಇದೆ. ಇದನ್ನು ನೆನೆದು 'ನಮ್ಮಲ್ಲಿ ಸ್ಕ್ಯಾಟ್ ಮೊದಲೇ ಇತ್ತು' ಅಂತ ಎದೆ ತಟ್ಟಿಕೊಳ್ಳುವವರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೊನ್ನಕೋಲಿನಲ್ಲಿ ಪ್ರತಿ ಉಲಿಯೂ ಲೆಕ್ಕ. ತಕಿಟ ಅಂದರೆ ಮೂರು, ತಕಧಿಮಿ ಅಂದರೆ ನಾಲ್ಕು, ತಕತಕಿಟ ಅಂದರೆ ಐದು. ಒಂದು ಅಕ್ಷರ ಹೆಚ್ಚಾದರೆ ಸಮಕ್ಕೆ ಬಂದು ಕೂರುವುದಿಲ್ಲ, ಎದುರಿಗೆ ಕೂತವರಿಗೆ ಗೊತ್ತಾಗುತ್ತದೆ. ಸ್ಕ್ಯಾಟ್‌ನಲ್ಲಿ ಉಲಿಗೆ ಈ ಲೆಕ್ಕದ ಹಂಗಿಲ್ಲ.

ಎರಡೂ ಕೂಡಿದಾಗ ಏನಾಗುತ್ತದೆ ಅಂತ ಕೇಳಬೇಕಿದ್ದರೆ ಬೆಂಗಳೂರಿನವರದ್ದೇ ಒಂದು ಆಲ್ಬಂ ಇದೆ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಆರ್.ಎ. ರಮಾಮಣಿ ಅವರ ಗಾಯನ, ಜೊತೆಗೆ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದ 'ಜ್ಯೋತಿ'. ರಮಾಮಣಿಯವರ ದನಿಯೂ ಸ್ಯಾಕ್ಸೊಫೋನೂ ಒಂದರ ಹಿಂದೆ ಒಂದು ಓಡುವುದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹೆಚ್ಚು ಕಡಿಮೆ ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಶೂಬಿ ತನ್ನ ಕೈಯಿಂದ ದುಡ್ಡು ಕೊಟ್ಟು ಸ್ಟುಡಿಯೊ ಬಾಡಿಗೆಗೆ ಹಿಡಿಯುತ್ತಿದ್ದ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಸುಮ್ನೆ ನೆನಪಾಯಿತು, ಹೇಳಿದೆ.

ಆ ಸ್ಟುಡಿಯೊದ ಹೆಸರು ಏಂಜೆಲ್ ಸೌಂಡ್. ದುಡ್ಡು ಕೊಟ್ಟ ಯಾರು ಬೇಕಾದರೂ ಬಂದು ಹಾಡಿ ಹೋಗುವ ಜಾಗ. ಅಲ್ಲಿ ಕ್ರೇಗ್ ಬ್ರಾಡ್ಲಿ ಅನ್ನುವ ಎಂಜಿನಿಯರ್ ಇದ್ದ. ಗಾಜಿನ ಈಚೆ ಕೂತು ಗುಂಡಿ ಒತ್ತುವವನು. ದಿನಕ್ಕೆ ಎಷ್ಟೋ ಜನರ ಕನಸು ಅವನ ಕಿವಿಯೊಳಗೆ ಹಾದು ಹೋಗಿರಬೇಕು. ಬಹುಪಾಲು ಮರೆತೂ ಹೋಗಿರಬೇಕು. ಶೂಬಿಯನ್ನು ಮಾತ್ರ ಅವನು ಮರೆಯಲಿಲ್ಲ. ಟೇಪಿನ ಪ್ರತಿ ಮಾಡಿ ಗೆಳೆಯರಿಗೆ ಕೊಟ್ಟ. ಅವರು ಅವರ ಗೆಳೆಯರಿಗೆ ಕೊಟ್ಟರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹೋಗುತ್ತಾ ಹೋಗುತ್ತಾ ಶೂಬಿ ಊರೂರು ಸುತ್ತಿದ. ಅವನಿಗೆ ಮಾತ್ರ ಇದು ಗೊತ್ತಿರಲಿಲ್ಲ.

ಬ್ರಾಡ್ಲಿ ಮೊದಲ ಸಲ ಆ ಟೇಪನ್ನು ಗೆಳೆಯನ ಕೈಗೆ ಕೊಟ್ಟಾಗ ಏನು ಹೇಳಿರಬಹುದು ಅಂತ ನಾನು ತುಂಬಾ ಯೋಚಿಸಿದ್ದೇನೆ. "ಒಂದು ತಮಾಷೆ ಇದೆ, ಕೇಳು" ಅಂದಿರಬಹುದು. ನಾನೂ ಹಾಗೇ ಹೇಳಿ ನಾಲ್ಕು ಜನರಿಗೆ ಕಳಿಸಿದ್ದೇನೆ. ಮೂವರು ನಗುವ ಮುಖ ಕಳಿಸಿದರು. ಒಬ್ಬಳು ಮಾತ್ರ ಮಾರನೆಯ ದಿನ, "ಇನ್ನೂ ಇದೆಯಾ?" ಅಂತ ಕೇಳಿದಳು.

ಟೇಪು ಹೀಗೆ ಸುತ್ತುವ ಮೊದಲೋ ಆಮೇಲೋ, 1980ರ ದಶಕದಲ್ಲಿ, ಶೂಬಿ ಹಾರ್ಲೆಮ್‌ನ ಅಪೊಲೊ ಥಿಯೇಟರ್‌ಗೂ ಹೋಗಿದ್ದ. ಅಲ್ಲಿ ಬುಧವಾರ ರಾತ್ರಿ ಹವ್ಯಾಸಿಗಳ ಸ್ಪರ್ಧೆ ನಡೆಯುತ್ತದೆ. 1934ರಿಂದ ನಡೆದುಕೊಂಡು ಬಂದದ್ದು. ವೇದಿಕೆಯ ಬದಿಯಲ್ಲಿ ಒಂದು ಮರದ ಕೊರಡು ಇದೆ. ಹಾರ್ಲೆಮ್‌ನ ಬೀದಿಯಲ್ಲಿದ್ದ, ಕಲಾವಿದರು ಅದೃಷ್ಟದ ಮರ ಅಂತ ನಂಬಿದ್ದ ಮರದ ತುಂಡು ಅದು. ಹಾಡುವ ಮೊದಲು ಅದನ್ನು ಸವರಿ ಹೋಗಬೇಕು. 1934ರ ನವೆಂಬರಿನಲ್ಲಿ 17 ವರ್ಷದ ಒಬ್ಬ ಹುಡುಗಿ ಕುಣಿಯಲು ಬಂದು, ತನಗಿಂತ ಮುಂಚೆ ಕುಣಿದವರನ್ನು ನೋಡಿ ಹೆದರಿ, ಕುಣಿಯುವುದು ಬಿಟ್ಟು ಹಾಡಿದಳು. ಗೆದ್ದಳು. ಎಲಾ ಫಿಟ್ಜ್‌ಜೆರಾಲ್ಡ್ ಶುರುವಾದದ್ದು ಅಲ್ಲೇ.

ಅದೇ ವೇದಿಕೆಯಲ್ಲಿ ಶೂಬಿ ಬಾಯಿ ತೆರೆದ. ಕೆಲವೇ ಸೆಕೆಂಡು. ಜನ ಕೂಗಲು ಶುರು ಮಾಡಿದರು. ಅಪೊಲೊದಲ್ಲಿ ಇದು ಒರಟುತನವಲ್ಲ, ಆಟದ ನಿಯಮ. ಇಷ್ಟವಾಗದಿದ್ದರೆ ಕೂಗಿ ಕಳಿಸುವ ಹಕ್ಕು ಟಿಕೆಟ್ಟಿನ ಜೊತೆಗೇ ಬಂದಿರುತ್ತದೆ. ಶೂಬಿ ಇಳಿದು ಹೋದ.

ನಮ್ಮೂರಿನ ಭಜನೆಯವರು ದೊಡ್ಡಪ್ಪನನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಅದಕ್ಕೆ ಅವರು ದೊಡ್ಡ ಮನಸ್ಸಿನವರು ಅಂತ ಕಾರಣ ಕೊಡಲಾರೆ. ಸಂಬಂಧಿಕರು, ನೆಂಟರು, ಅಡಿಕೆ ಸೊಸೈಟಿಯಲ್ಲಿ ದೊಡ್ಡಪ್ಪನ ಹತ್ತಿರ ಕೆಲಸ ಇದ್ದವರು. ಅಪೊಲೊದವರು ಎದುರಿಗೇ ಹೇಳಿದರು, ನಮ್ಮವರು ಮನೆಗೆ ಹೋಗುವ ದಾರಿಯಲ್ಲಿ ಹೇಳಿಕೊಂಡು ನಕ್ಕರು. ಯಾವುದು ವಾಸಿ?

ಶೂಬಿಯಂಥವರನ್ನೆಲ್ಲ ಸೇರಿಸಿ 'ಔಟ್‌ಸೈಡರ್ ಮ್ಯೂಸಿಕ್' ಅಂತ ಕರೆಯುತ್ತಾರೆ. ಈ ಹೆಸರು ಚಿತ್ರಕಲೆಯಿಂದ ಬಂದದ್ದು. ಫ್ರಾನ್ಸಿನ ಝಾನ್ ದ್ಯುಬುಫೆ 1940ರ ದಶಕದಲ್ಲಿ ಹುಚ್ಚಾಸ್ಪತ್ರೆಯಲ್ಲಿದ್ದವರು, ಶಾಲೆ ಕಲಿಯದವರು, ಒಂಟಿಯಾಗಿ ಕೂತು ಬರೆದವರು, ಇವರ ಚಿತ್ರಗಳನ್ನೆಲ್ಲ ಹುಡುಕಿ ಕೂಡಿಸಿ 'ಆರ್ ಬ್ರ್ಯೂ', ಅಂದರೆ ಹಸಿ ಕಲೆ ಅಂದ. 1972ರಲ್ಲಿ ರಾಜರ್ ಕಾರ್ಡಿನಲ್ ಅದಕ್ಕೆ ಇಂಗ್ಲಿಷಿನಲ್ಲಿ 'ಔಟ್‌ಸೈಡರ್ ಆರ್ಟ್' ಅನ್ನುವ ಹೆಸರು ಕೊಟ್ಟ. ಸಂಗೀತದಲ್ಲಿ ಇದನ್ನು ಬಳಕೆಗೆ ತಂದದ್ದು ಅರ್ವಿನ್ ಚೂಸಿಡ್. ಡಬ್ಲ್ಯೂಎಫ್‌ಎಂಯು ಅಂತ ಕೇಳುಗರ ದುಡ್ಡಿನಿಂದಲೇ ನಡೆಯುವ ನ್ಯೂ ಜೆರ್ಸಿಯ ಒಂದು ರೇಡಿಯೊ ಇದೆ. ಅಲ್ಲಿ ಇಂಥ ರೆಕಾರ್ಡುಗಳನ್ನೇ ಹಾಕುತ್ತಿದ್ದವನು. 2000ದಲ್ಲಿ 'ಸಾಂಗ್ಸ್ ಇನ್ ದ ಕೀ ಆಫ್ ಝಡ್' ಅನ್ನುವ ಪುಸ್ತಕವನ್ನೂ ಸಿಡಿಯನ್ನೂ ತಂದ. ನಮ್ಮ ಶೂಬಿಯೂ ಅದರಲ್ಲಿದ್ದ.

ಈ ಹೆಸರಿನ ಬಗ್ಗೆ ನನಗೆ ಸ್ವಲ್ಪ ಕಿರಿಕಿರಿ ಇದೆ. ಕನ್ನಡದಲ್ಲಿ 'ಹೊರಗಿನವರು' ಅಂದು ನೋಡಿ. ನಮ್ಮಲ್ಲಿ 'ಹೊರಗೆ' ಅನ್ನುವ ಪದಕ್ಕೆ ಭಾರ ಜಾಸ್ತಿ. ಯಾರು ಒಳಗೆ ಯಾರು ಹೊರಗೆ ಅಂತ ಹೊರಗೆ ನಿಂತವರು ಯಾವತ್ತೂ ಹೇಳಿದ್ದಿಲ್ಲ, ಬಾಗಿಲಲ್ಲಿ ನಿಂತವರು ಹೇಳಿದ್ದು. ಶೂಬಿ ತನ್ನನ್ನು ಹೊರಗಿನವನು ಅಂದುಕೊಂಡಿರಲಿಲ್ಲ. ಜಾಝ್ ಗಾಯಕ ಅಂದುಕೊಂಡಿದ್ದ.

ಇನ್ನೊಂದು ತೊಂದರೆ, ಈ ಒಂದೇ ಚೀಲದೊಳಗೆ ಯಾರ್ಯಾರನ್ನೋ ತುಂಬಿದ್ದಾರೆ. ದ ಶ್ಯಾಗ್ಸ್ ಅನ್ನುವ ತಂಡ ನೋಡಿ. ನ್ಯೂ ಹ್ಯಾಂಪ್‌ಶೈರ್‌ನ ಫ್ರೀಮಾಂಟ್ ಅನ್ನುವ ಸಣ್ಣ ಊರಿನ ಅಕ್ಕತಂಗಿಯರು. ಅವರ ಅಪ್ಪ ಆಸ್ಟಿನ್ ವಿಗ್ಗಿನ್. ಅವನ ತಾಯಿ ಮಗನ ಕೈ ನೋಡಿ ಭವಿಷ್ಯ ಹೇಳಿದ್ದಳು. ಅದರಲ್ಲಿ ಒಂದು, ನಿನ್ನ ಹೆಣ್ಣುಮಕ್ಕಳು ಪ್ರಸಿದ್ಧ ಸಂಗೀತ ತಂಡ ಕಟ್ಟುತ್ತಾರೆ ಅಂತ. ಉಳಿದವು ನಿಜವಾದವು, ಹಾಗಾಗಿ ಇದೂ ಆಗಲೇಬೇಕು ಅಂತ ಅಪ್ಪ ಹಟ ಹಿಡಿದ. ಮಕ್ಕಳನ್ನು ಶಾಲೆ ಬಿಡಿಸಿದ. ಗಿಟಾರು ಡ್ರಮ್ಮು ಕೊಡಿಸಿದ. ಅವರಿಗೆ ಸರಿಯಾಗಿ ಬಾರಿಸಲು ಬರುವ ಮೊದಲೇ 1969ರಲ್ಲಿ ಸ್ಟುಡಿಯೊಗೆ ಕರೆದುಕೊಂಡು ಹೋಗಿ 'ಫಿಲಾಸಫಿ ಆಫ್ ದ ವರ್ಲ್ಡ್' ಅನ್ನುವ ಆಲ್ಬಂ ಮಾಡಿಸಿದ. ಡ್ರಮ್ಮು ಒಂದು ದಾರಿ, ಗಿಟಾರು ಒಂದು ದಾರಿ, ಹಾಡು ಮೂರನೆಯ ದಾರಿ. ಮೂವರೂ ಒಂದೇ ಊರಿಗೆ ಹೊರಟವರು ಅನ್ನುವುದು ಮಾತ್ರ ಹೇಗೋ ಗೊತ್ತಾಗುತ್ತದೆ. 1975ರಲ್ಲಿ ಅಪ್ಪ ತೀರಿಹೋದ. ಮಕ್ಕಳು ವಾದ್ಯಗಳನ್ನು ಕೆಳಗಿಟ್ಟರು. 1980ರಲ್ಲಿ ಆಲ್ಬಂ ಮತ್ತೆ ಬಂತು, ಅಭಿಮಾನಿಗಳು ಹುಟ್ಟಿದರು.

ಅದನ್ನು ಕೇಳುವಾಗಲೂ ನನಗೆ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಖುಷಿಯ ಒಳಗೆ ಒಂದು ಮುಳ್ಳಿದೆ. ಆ ಹುಡುಗಿಯರು ಕೇಳಿ ಪಡೆದದ್ದಲ್ಲ ಅದು. ಡೇನಿಯಲ್ ಜಾನ್‌ಸ್ಟನ್ ಕೇಳುವಾಗ ಮುಳ್ಳು ಇನ್ನೂ ದೊಡ್ಡದು. ಮನೆಯಲ್ಲೇ ಕ್ಯಾಸೆಟ್ಟಿಗೆ ಹಾಡಿಕೊಂಡ ಅವನ ಹಾಡುಗಳು ನಿಜವಾಗಿ ಒಳ್ಳೆಯ ಹಾಡುಗಳು, ಆದರೆ ಮನಸ್ಸಿನ ಕಾಯಿಲೆ ಅವನನ್ನು ಜೀವನವಿಡೀ ಅರೆಯಿತು. ಅವನ ದನಿಯ ನಡುಕದಲ್ಲಿ ನನಗೆ ಹಿಡಿಸಿದ್ದು ಹಾಡೋ ಕಾಯಿಲೆಯೋ ಅಂತ ಕೇಳಿಕೊಂಡು ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿದ್ದೇನೆ. ಇನ್ನು ಫ್ಲಾರೆನ್ಸ್ ಫಾಸ್ಟರ್ ಜೆಂಕಿನ್ಸ್. ದುಡ್ಡಿದ್ದ ಹೆಂಗಸು, ಶ್ರುತಿಯ ಹಂಗಿಲ್ಲದೆ ಆಪೆರಾ ಹಾಡಿದವಳು. 1944ರ ಅಕ್ಟೋಬರಿನಲ್ಲಿ, 76ನೇ ವಯಸ್ಸಿನಲ್ಲಿ, ಕಾರ್ನೆಗಿ ಹಾಲ್‌ನಲ್ಲಿ ಹಾಡಿ, ಒಂದು ತಿಂಗಳಿಗೆ ತೀರಿಕೊಂಡಳು. ಅವಳನ್ನು ನೋಡಿ ನಗಲು ನನಗೆ ಅಷ್ಟು ಸಂಕೋಚವಿಲ್ಲ. ಯಾಕೆ? ದುಡ್ಡಿದ್ದವಳು ಅಂತಲೇ ಇರಬೇಕು. ಇದು ನನ್ನ ಸಣ್ಣತನ.

ಶೂಬಿಯ ಹತ್ತಿರ ಈ ಮುಳ್ಳು ಯಾವುದೂ ಇಲ್ಲ. ಯಾರೂ ಒತ್ತಾಯ ಮಾಡಿ ಹಾಡಿಸಲಿಲ್ಲ. ಅಂಚೆ ಕಚೇರಿಯಲ್ಲಿ ದುಡಿದ ಮನುಷ್ಯ, ಸ್ವಂತ ದುಡ್ಡು ಕೊಟ್ಟು, ತನಗೆ ಬೇಕಾದ ರೆಕಾರ್ಡ್ ಹಾಕಿಸಿಕೊಂಡು, ತನ್ನದೇ ಭಾಷೆಯಲ್ಲಿ ಹಾಡಿ ಹೋದ. ಅದಕ್ಕೇ ಇರಬೇಕು, ಅವನನ್ನು ಕೇಳುವಾಗ ನಾನು ಹಗುರಾಗುತ್ತೇನೆ.

ಇವನನ್ನು ಯಾರಿಗೂ ಅರ್ಥವಾಗದ ಮಹಾ ಪ್ರತಿಭೆ ಅನ್ನುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಎಲಾ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರಿಗೂ ಅವಮಾನ. ಬರೀ ಜೋಕು ಅನ್ನುವವರೂ ಇದ್ದಾರೆ. ಜೋಕು ಎರಡನೆಯ ಸಲಕ್ಕೆ ಹಳಸುತ್ತದೆ. ಇದು ಹಳಸುವುದಿಲ್ಲ. ಈಗ ನಾವು ಕೇಳುವ ಸಿನಿಮಾ ಹಾಡುಗಳಲ್ಲಿ ಶ್ರುತಿ ತಪ್ಪುವುದೇ ಇಲ್ಲ. ತಪ್ಪಿದರೆ ಸಾಫ್ಟ್‌ವೇರ್ ಎಳೆದು ಕೂರಿಸುತ್ತದೆ. 1997ರಲ್ಲಿ ಆಟೋ ಟ್ಯೂನ್ ತಂದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ನೆಲದೊಳಗೆ ಎಣ್ಣೆ ಎಲ್ಲಿದೆ ಅಂತ ಸದ್ದಿನ ಅಲೆಗಳಿಂದ ಹುಡುಕುವ ಕೆಲಸದಲ್ಲಿದ್ದವನು. ಆ ಗಣಿತ ಗಂಟಲಿಗೂ ಒಗ್ಗಿತು. ನಾನು ಅದರ ವಿರೋಧಿಯೇನಲ್ಲ, ದಿನವೂ ಅದನ್ನೇ ಕೇಳುತ್ತೇನೆ. ಆದರೆ ವಾರವಿಡೀ ಅದೇ ಆದ ಮೇಲೆ ಶೂಬಿಯ ಒಂದು 'ಸ್ಪ್ಲಾ' ಕಿವಿಗೆ ಬಿದ್ದರೆ, ಅನ್ನ ಸಾರು ಅನ್ನ ಸಾರು ಉಂಡವನ ಬಾಯಿಗೆ ಉಪ್ಪು ಹಾಕಿದ ಮಿಡಿಮಾವು ಸಿಕ್ಕ ಹಾಗೆ.

ಚೂಸಿಡ್‌ನ ಪುಸ್ತಕ ಬಂದಾಗ ಶೂಬಿ ಎಲ್ಲಿದ್ದಾನೆ ಅಂತ ಅಭಿಮಾನಿಗಳಿಗೆ ಗೊತ್ತಿರಲಿಲ್ಲ. ಬದುಕಿದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ಕೊನೆಗೆ 2002ರಲ್ಲಿ ಒಬ್ಬ ಅಭಿಮಾನಿ ಹುಡುಕಿ ತೆಗೆದ. ಶೂಬಿ ನ್ಯೂ ಜೆರ್ಸಿಯ ನೆವಾರ್ಕ್‌ನಲ್ಲಿದ್ದ. ವಯಸ್ಸು 70 ದಾಟಿತ್ತು. ತನ್ನ ಹಾಡನ್ನು ಇಷ್ಟೊಂದು ಜನ ಕೇಳುತ್ತಿದ್ದಾರೆ ಅಂತ ಅವನಿಗೆ ಗೊತ್ತಾದದ್ದೇ ಆಗ. ಆ ರೇಡಿಯೊದವರು ಕರೆಸಿದರು. ಹೋದ. ಕೂತು ಮಾತಾಡಿದ.

ಮಾತಾಡಿದ, ಅಷ್ಟೇ. 1994ರಲ್ಲಿ ಅವನಿಗೆ ಲಕ್ವ ಹೊಡೆದಿತ್ತು. ಮಾತು ಉಳಿದಿತ್ತು. ಸ್ಕ್ಯಾಟ್ ಹೋಗಿತ್ತು. ಹೆಸರು, ಊರು, ಹಳೆಯ ಕತೆ ಎಲ್ಲ ಹೇಳಬಲ್ಲ. 'ರಾ ಶಾ' ಮಾತ್ರ ಹಾಡಲಾರ. ಆರ್ಮ್‌ಸ್ಟ್ರಾಂಗ್ ಕೈಯಿಂದ ಪದ ಜಾರಿದ ಕತೆ ಕೇಳಿದೆವು, ಎಲಾ ಪದ ಮರೆತದ್ದನ್ನು ಕೇಳಿದೆವು. ಶೂಬಿಗೆ ಪದಗಳೆಲ್ಲ ಉಳಿದವು, ಪದವಲ್ಲದ್ದು ಹೋಯಿತು. ಮುಂದಿನ ವರ್ಷ, 2003ರಲ್ಲಿ, ತೀರಿಕೊಂಡ.

ಇದನ್ನೆಲ್ಲ ಓದಿದ ರಾತ್ರಿ ದೊಡ್ಡಪ್ಪನ ದನಿ ಮತ್ತೊಮ್ಮೆ ಕೇಳಬೇಕು ಅನ್ನಿಸಿತು. ಅವರು ಹೋಗಿ ಒಂಬತ್ತು ವರ್ಷವಾಗಿತ್ತು. ಅವರ ಮಗನಿಗೆ ಫೋನ್ ಮಾಡಿ, "ಏನಾದ್ರೂ ರೆಕಾರ್ಡಿಂಗ್ ಇದ್ಯೇನೋ?" ಅಂದೆ.

"ಭಜನೇದಾ? ಅದನ್ಯಾರು ರೆಕಾರ್ಡ್ ಮಾಡ್ತಾರೆ ಮಾರಾಯ" ಅಂದ. ಆಮೇಲೆ ತಡೆದು, "ಅಕ್ಕನ ಮದುವೆ ಕ್ಯಾಸೆಟ್ಟಲ್ಲಿ ಇರ್ಬಹುದು ನೋಡು" ಅಂದ.

ಇತ್ತು. ಸಿಡಿಗೆ ಹಾಕಿಸಿ ಇಟ್ಟಿದ್ದರು. ಚಪ್ಪರದ ಮೂಲೆಯಲ್ಲಿ ಜಮಖಾನೆ ಹಾಸಿದೆ, ಹಾರ್ಮೋನಿಯಂ ಇದೆ. ದೊಡ್ಡಪ್ಪ ಜರಿ ಪಂಚೆ ಉಟ್ಟು ನಡುವೆ ಕೂತಿದ್ದಾರೆ. ಕಣ್ಣು ಮುಚ್ಚಿದೆ, ಕತ್ತು ಮೇಲೆದ್ದಿದೆ. ಅಂದರೆ ಎರಡನೆಯ ಚರಣ. ನಾನು ದನಿ ಜಾಸ್ತಿ ಮಾಡಿದೆ. ವಿಡಿಯೊದವನು ಮೂಲ ಸದ್ದು ತೆಗೆದು, ಮದುವೆ ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿದ್ದ. ಒಬ್ಬ ಗಾಯಕಿ ಮಧುರವಾಗಿ, ಒಂದು ಸ್ವರವೂ ತಪ್ಪದೆ ಹಾಡುತ್ತಿದ್ದಾಳೆ. ಅದರ ಕೆಳಗೆ ದೊಡ್ಡಪ್ಪನ ಬಾಯಿ ಆಡುತ್ತಲೇ ಇದೆ. ತುಟಿ ನೋಡಿಕೊಂಡು ಯಾವ ಉಲಿ ಅಂತ ಹಿಡಿಯಲು ಎರಡು ಮೂರು ಸಲ ಹಿಂದಕ್ಕೆ ಓಡಿಸಿದೆ. ಒಂದು ಕಡೆ 'ನೋಂ' ಅಂತ ಕಾಣಿಸಿತು. ಅಷ್ಟರಲ್ಲಿ ಕ್ಯಾಮೆರಾ ಊಟದ ಪಂಕ್ತಿಗೆ ತಿರುಗಿತು.